ಪೆಟ್ರೋಲಿನಲ್ಲಿ ಕಬ್ಬಿನ ಪಾಲು

ಐಪ್ಪಸಿ ಮಳೆ ಹಿಡಿದ ಮೇಲೆ ಭಾನುವಾರದ ಪೂಜೆ ಮುಗಿಸಿ ಹೊರಗೆ ಬಂದರೆ ದೇವಾಲಯದ ಅಂಗಳದಲ್ಲಿ ಒಂದೆರಡು ಮೊಪೆಡ್‌ಗಳಾದರೂ ಸ್ಟಾರ್ಟ್ ಆಗದೆ ನಿಂತಿರುತ್ತವೆ. ಪೆಡಲ್ ತುಳಿದು ತುಳಿದು ಕಾಲು ಸೋತವರು ಹೇಳುವ ಮಾತು ಒಂದೇ: "ಪೆಟ್ರೋಲಿಗೆ ಸಾರಾಯಿ ಬೆರೆಸುತ್ತಿದ್ದಾರೆ, ಗಾಡಿಗೂ ಅಮಲು ಹತ್ತಿದೆ." ನಗುವುದಕ್ಕೆ ಚೆನ್ನಾಗಿದೆ. ಆದರೆ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ನಾವು ತಿಳಿದುಕೊಳ್ಳಬೇಕು. ಏಕೆಂದರೆ ಪೆಟ್ರೋಲಿಗೆ ಬೆರೆಸುವ ಆ ವಸ್ತು ಬರುವುದು ನಮ್ಮಂಥವರ ಹೊಲದಿಂದಲೇ. ಖರ್ಚಾಗುವುದು ನಮ್ಮ ಗಾಡಿಯಲ್ಲಿ, ಬೆಳೆಯುವುದು ನಮ್ಮ ನೀರಿನಲ್ಲಿ.

ಕಂಬಂ ಕಣಿವೆಯಲ್ಲಿ ಮೊಪೆಡ್ ಎಂದರೆ ಮನೆಯ ಇನ್ನೊಂದು ಎತ್ತು. ಹಾಲಿನ ಕ್ಯಾನು, ಪನ್ನೀರು ದ್ರಾಕ್ಷಿಯ ಪೆಟ್ಟಿಗೆ, ಬಾಳೆ ಎಲೆಯ ಕಟ್ಟು, ಹಸುವಿನ ಮೇವು, ಶಾಲೆಗೆ ಹೋಗುವ ಎರಡು ಮಕ್ಕಳು, ಎಲ್ಲವೂ ಅದರ ಮೇಲೆಯೇ. ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ತಯಾರಾದಂದಿನಿಂದ ಈ ಜಾತಿಯ ಗಾಡಿ ನಮ್ಮ ಊರುಗಳನ್ನು ಬಿಟ್ಟಿಲ್ಲ. ಹೀಗಿರುವಾಗ ಅದರ ಹೊಟ್ಟೆಗೆ ಹಾಕುವ ಎಣ್ಣೆ ಬದಲಾದರೆ ಮನೆಯ ಲೆಕ್ಕವೂ ಬದಲಾಗುತ್ತದೆ.

ಬೆರೆಸುವ ವಸ್ತುವಿನ ಹೆಸರು ಎಥೆನಾಲ್, ಅಂದರೆ ಮದ್ಯಸಾರ. ಕಬ್ಬಿನ ರಸ, ಸಕ್ಕರೆ ಕಾರ್ಖಾನೆಯ ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿ, ಇವನ್ನು ಹುಳಿ ಬರಿಸಿ, ಬಟ್ಟಿ ಇಳಿಸಿ, ಉಳಿದ ನೀರನ್ನೂ ತೆಗೆದರೆ ಇದು ಸಿಗುತ್ತದೆ. ಬ್ರೆಜಿಲ್ ದೇಶ 1975ರಲ್ಲೇ ಕಬ್ಬಿನ ಮದ್ಯಸಾರದಿಂದ ಕಾರು ಓಡಿಸುವ ಯೋಜನೆ ಹಾಕಿತು. ನಮ್ಮ ದೇಶದಲ್ಲಿ 2003ರ ಜನವರಿಯಲ್ಲಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5 ಪಾಲು ಬೆರೆಸುವ ಆದೇಶವಾಯಿತು. ಆ ಒಂಬತ್ತರಲ್ಲಿ ತಮಿಳುನಾಡೂ ಇತ್ತು, ಕರ್ನಾಟಕವೂ ಇತ್ತು. ಅದು ಬಹಳ ಕಾಲ ಕುಂಟುತ್ತಲೇ ನಡೆಯಿತು. 2022ರ ಜೂನ್ ಹೊತ್ತಿಗೆ ಬೆರಕೆ ಹತ್ತು ಪಾಲಿಗೆ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಪ್ಪತ್ತು ಪಾಲಿನ ಪೆಟ್ರೋಲಿಗೆ ಚಾಲನೆ ಕೊಟ್ಟರು. ಮೊದಲು 2030ಕ್ಕೆ ಎಂದಿದ್ದ ಗುರಿಯನ್ನು ಹಿಂದಕ್ಕೆ ತಂದುದರಿಂದ 2025ರಲ್ಲಿ ದೇಶದ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇದೇ ಆಯಿತು. ಮದ್ಯಸಾರವಿಲ್ಲದ ಪೆಟ್ರೋಲೂ ಸಿಗುವಂತಾಗಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ಆದುದರಿಂದ ನಮಗೆ ಇಷ್ಟವಿರಲಿ ಬಿಡಲಿ, ಐದು ಲೀಟರ್ ಹಾಕಿಸಿದರೆ ಅದರಲ್ಲಿ ಒಂದು ಲೀಟರ್ ಮದ್ಯಸಾರ ಎಂದೇ ತಿಳಿಯಬೇಕು.

ಸರ್ಕಾರ ಇದನ್ನು ಮಾಡುವುದಕ್ಕೆ ಕಾರಣವಿದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಮದ್ಯಸಾರದಲ್ಲಿ ಆಮ್ಲಜನಕ ಇರುವುದರಿಂದ ಉರಿಯುವಿಕೆ ಪೂರ್ಣವಾಗಿ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕಡಿಮೆಯಾಗುತ್ತದೆ. ಇದು ಒಳ್ಳೆಯದೇ.

ಮೈಲೇಜು ಎಷ್ಟು ಇಳಿಯುತ್ತದೆ?

ಒಂದು ಲೀಟರ್ ಮದ್ಯಸಾರದಲ್ಲಿರುವ ಶಾಖ ಒಂದು ಲೀಟರ್ ಪೆಟ್ರೋಲಿನ ಶಾಖದ ಮೂರನೆಯ ಎರಡು ಭಾಗ ಮಾತ್ರ. ಬೇವಿನ ಕಟ್ಟಿಗೆಗೂ ನುಗ್ಗೆ ಕಟ್ಟಿಗೆಗೂ ಇರುವ ವ್ಯತ್ಯಾಸದ ಹಾಗೆ. ಐದರಲ್ಲಿ ಒಂದು ಪಾಲು ಇಂಥ ಹಗುರ ಕಟ್ಟಿಗೆ ಸೇರಿದರೆ ಒಟ್ಟು ಶಾಖ ನೂರಕ್ಕೆ ಆರೇಳು ಇಳಿಯುತ್ತದೆ. ಗಾಡಿ ಓಡುವಾಗ ಅಷ್ಟೂ ನಷ್ಟ ಕಾಣುವುದಿಲ್ಲ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಹಳೆಯ ಬಗೆಯ ದ್ವಿಚಕ್ರ ವಾಹನಗಳಲ್ಲಿ ನೂರಕ್ಕೆ 3ರಿಂದ 4, ಹಳೆಯ ಕಾರುಗಳಲ್ಲಿ 6ರಿಂದ 7 ಇಳಿಯುತ್ತದೆ.

ಇದನ್ನು ರೂಪಾಯಿಗೆ ತಂದು ನೋಡೋಣ. ಲೀಟರಿಗೆ 55 ಕಿಲೋಮೀಟರ್ ಕೊಡುವ ಮೊಪೆಡ್, ದಿನಕ್ಕೆ 30 ಕಿಲೋಮೀಟರ್ ಓಡಾಟ. ತಿಂಗಳಿಗೆ 900 ಕಿಲೋಮೀಟರ್. ಮೊದಲು 16 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕಿತ್ತು, ಈಗ 17 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 70 ರೂಪಾಯಿ ಹೆಚ್ಚು. "ಅರ್ಧಕ್ಕೆ ಅರ್ಧ ಮೈಲೇಜು ಬಿತ್ತು" ಎಂದು ಯಾರಾದರೂ ಹೇಳಿದರೆ ಅವರ ಗಾಡಿಯಲ್ಲಿ ಬೇರೆ ರೋಗವಿದೆ ಎಂದೇ ಅರ್ಥ. ಗಾಳಿ ಕಡಿಮೆಯಿರುವ ಟೈರು, ಮಣ್ಣು ಕಟ್ಟಿದ ಏರ್ ಫಿಲ್ಟರು, ಒಣಗಿದ ಚೈನು, ಇವು ಮೂರೂ ಸೇರಿದರೆ ಮದ್ಯಸಾರಕ್ಕಿಂತ ಹೆಚ್ಚು ಎಣ್ಣೆ ಕುಡಿಯುತ್ತವೆ. ಅದಕ್ಕೆ ದೆಹಲಿಯನ್ನು ಬೈದು ಪ್ರಯೋಜನವಿಲ್ಲ.

ಆದರೆ 70 ರೂಪಾಯಿಗಿಂತ ದೊಡ್ಡ ತೊಂದರೆ ಎರಡಿದೆ. ಒಂದು ರಬ್ಬರು, ಇನ್ನೊಂದು ನೀರು.

ಹಳೆಯ ಗಾಡಿಗಳ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ಒಳಗಿನ ವಾಷರುಗಳು ಶುದ್ಧ ಪೆಟ್ರೋಲಿಗೆಂದೇ ಮಾಡಿದವು. ಮದ್ಯಸಾರ ತಾಕಿದರೆ ಅವು ಊದುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಬಿರುಕು ಬಿಡುತ್ತವೆ. 2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಗಾಡಿಗಳಲ್ಲಿ ಇಪ್ಪತ್ತು ಪಾಲಿಗೆ ತಡೆಯುವ ರಬ್ಬರನ್ನೇ ಹಾಕಿದ್ದಾರೆ. ಅದಕ್ಕೂ ಹಿಂದಿನ ಗಾಡಿಯಾದರೆ ಒಮ್ಮೆ ಮೆಕ್ಯಾನಿಕ್‌ಗೆ ಹೇಳಿ ಪೈಪು, ವಾಷರು ಬದಲಾಯಿಸಿಕೊಳ್ಳುವುದು ಒಳ್ಳೆಯದು. ದೊಡ್ಡ ಖರ್ಚಲ್ಲ. ಬಿರುಕುಬಿಟ್ಟ ಪೈಪಿನಿಂದ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ ಬೆಂಕಿ ಹತ್ತುವ ಭಯವೇ ದೊಡ್ಡದು.

ನೀರಿನ ವಿಷಯ ನಾನು ಸ್ವಂತ ದಂಡ ತೆತ್ತು ಕಲಿತದ್ದು. ಎರಡು ವರ್ಷದ ಹಿಂದೆ ಕಾಲು ಉಳುಕಿ ನಲವತ್ತು ದಿನ ಗಾಡಿ ಮುಟ್ಟಲಿಲ್ಲ. ಅದು ಕೊಟ್ಟಿಗೆಯ ಸೂರಿನಂಚಿನಲ್ಲಿ, ಕಾಲು ಟ್ಯಾಂಕ್ ಪೆಟ್ರೋಲಿನೊಂದಿಗೆ, ಮಳೆಗೆ ನೆನೆಯುತ್ತಾ ನಿಂತಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಳಿದ್ದು ನನಗೆ ಗೊತ್ತಿತ್ತು, ನಾಳೆ ನೋಡಿದರಾಯಿತು ಎಂದು ಬಿಟ್ಟಿದ್ದೆ. ಮತ್ತೆ ಹತ್ತಿದಾಗ ಗಾಡಿ ಮನೆಯಿಂದ ಹೊರಟು ವಾಯ್ಕಾಲಿನ ಸೇತುವೆ ದಾಟುವುದರೊಳಗೆ ನಿಂತೇಹೋಯಿತು. ಮೆಕ್ಯಾನಿಕ್ ಹುಡುಗ ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಹಿಡಿದು, "ನೋಡಣ್ಣಾ, ಎರಡು ಮಹಡಿ" ಎಂದ. ಮೇಲೆ ಬಣ್ಣದ ಪೆಟ್ರೋಲ್, ಕೆಳಗೆ ತಿಳಿಯಾಗಿ ನೀರಿನಂಥ ಇನ್ನೊಂದು ಪದರ. ನಾನು ಬಂಕಿನವರು ಮೋಸ ಮಾಡಿದರು ಎಂದು ಕೂಗಾಡಲು ಸಿದ್ಧನಾಗಿದ್ದೆ. ಅವನು ಮುಚ್ಚಳ ತೆಗೆದು ಸೀಳಿದ ರಬ್ಬರ್ ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡೆ.

ನಡೆಯುವುದು ಇಷ್ಟೇ. ಬರೀ ಪೆಟ್ರೋಲಿಗೆ ನೀರು ಬಿದ್ದರೆ ಅದು ಬೆರೆಯದೆ ತಳದಲ್ಲಿ ಕೂರುತ್ತದೆ. ಮದ್ಯಸಾರ ಹಾಗಲ್ಲ, ಅದಕ್ಕೆ ನೀರೆಂದರೆ ಪ್ರೀತಿ. ಸ್ವಲ್ಪ ನೀರಾದರೆ ಹೀರಿಕೊಂಡು ಪೆಟ್ರೋಲಿನಲ್ಲೇ ಇರುತ್ತದೆ, ಗಾಡಿಗೂ ತಿಳಿಯುವುದಿಲ್ಲ. ನೀರು ಮಿತಿ ಮೀರಿದರೆ ಮದ್ಯಸಾರ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಕಾರ್ಬ್ಯುರೇಟರಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ಎರಡು ಸ್ಟ್ರೋಕಿನ ಹಳೆಯ ಮೊಪೆಡ್ ಆದರೆ ಅಪಾಯ ಇನ್ನೂ ಹೆಚ್ಚು. ಅದಕ್ಕೆ ನಾವು ಬೆರೆಸುವ ಟೂ-ಟಿ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ, ಎಂಜಿನ್ನಿಗೆ ಆಯಿಲ್ ಇಲ್ಲದ ನೀರುಮದ್ಯ ಸಿಗುತ್ತದೆ. ಪಿಸ್ಟನ್ ಕಚ್ಚಿಕೊಳ್ಳಲು ಅಷ್ಟು ಸಾಕು.

ಆದುದರಿಂದ ಮಳೆಗಾಲದಲ್ಲಿ ಮುಚ್ಚಳದ ರಬ್ಬರ್ ಸರಿಯಾಗಿರಲಿ, ಗಾಡಿ ಸೂರಿನ ಒಳಗೆ ನಿಲ್ಲಲಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು ಬರಿದು ಮಾಡಿ. ಔಷಧ ಸಿಂಪಡಿಸುವ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಇವೂ ಪೆಟ್ರೋಲಿನವೇ. ವರ್ಷದಲ್ಲಿ ಎಂಟು ತಿಂಗಳು ಮೂಲೆಯಲ್ಲಿ ಕೂರುವ ಇವುಗಳ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಲೇಬೇಡಿ.

ಬೆರಕೆ ಎಷ್ಟಿದೆ ಎಂದು ನೋಡುವ ಆಸೆಯಿರುವವರಿಗೆ ಒಂದು ಸುಲಭ ಪರೀಕ್ಷೆ. ಮಿಲಿ ಗುರುತು ಇರುವ ಉದ್ದನೆಯ ಗಾಜಿನ ಅಳತೆಪಾತ್ರೆಯಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ, ಮುಚ್ಚಿ, ಮೆಲ್ಲಗೆ ಅಲುಗಿಸಿ, ಹತ್ತು ನಿಮಿಷ ಬಿಡಿ. ಮದ್ಯಸಾರ ನೀರಿಗೆ ಇಳಿದು ಕೆಳಗಿನ ಪದರ ಏರುತ್ತದೆ. 10 ಇದ್ದದ್ದು ಹೆಚ್ಚುಕಡಿಮೆ 28 ಆದರೆ ಬೆರಕೆ ನೂರಕ್ಕೆ 20. ಬಯಲಿನಲ್ಲಿ, ಒಲೆ ಬೀಡಿಗಳಿಂದ ದೂರದಲ್ಲಿ ಮಾಡಬೇಕು. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಬಾರದು.

ಬಾಯಿಂದ ಎಳೆಯಬೇಡಿ

ಆರೋಗ್ಯದ ಮಾತಿಗೆ ಬರುತ್ತೇನೆ. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪು ಇಟ್ಟು ಬಾಯಿಂದ ಎಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಒಂದು ಗುಟುಕು ಹೊಟ್ಟೆಗೆ ಹೋದರೆ ಆಗುವ ಹಾನಿಗಿಂತ ನಾಲ್ಕು ಹನಿ ಶ್ವಾಸಕೋಶಕ್ಕೆ ಹೋದರೆ ಆಗುವ ಹಾನಿ ದೊಡ್ಡದು. ಮೊದಲು ಕೆಮ್ಮು, ಆಮೇಲೆ ಕೆಲವು ಗಂಟೆಗಳಲ್ಲಿ ಜ್ವರ, ಏದುಸಿರು, ಎದೆಯಲ್ಲಿ ನ್ಯುಮೋನಿಯಾದಂಥ ಉರಿಯೂತ. ಹೀಗಾದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಅಜ್ಜಿಯರ ಕ್ರಮ. ಇದನ್ನು ಮಾಡಲೇಬಾರದು. ವಾಂತಿಯಾಗುವಾಗ ಪೆಟ್ರೋಲ್ ಮತ್ತೊಮ್ಮೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು ನಿಂತಿತೆಂದು ಸುಮ್ಮನಿರದೆ ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೋ, ತೇನಿ ಸುತ್ತಿನವರಾದರೆ ಕಾನಾ ವಿಳಕ್ಕುವಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕರೆದೊಯ್ಯಿರಿ. ಪೈಪಿನ ಜೊತೆ ಕೈಯಲ್ಲಿ ಒತ್ತುವ ರಬ್ಬರ್ ಪಂಪು ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ.

ಇನ್ನೊಂದು ಮಾತನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. "ಪೆಟ್ರೋಲಿನಲ್ಲಿ ಸಾರಾಯಿ" ಎಂಬ ತಮಾಷೆಯನ್ನು ನಿಜವೆಂದು ತಿಳಿಯುವವರೂ ಇದ್ದಾರೆ. ಇಂಧನಕ್ಕೆಂದು ಮಾಡಿದ ಮದ್ಯಸಾರಕ್ಕೆ ಕುಡಿಯಬಾರದೆಂದೇ ಬೇರೆ ದ್ರವ ಸೇರಿಸಿರುತ್ತಾರೆ. ಬಾಟಲಿಯಲ್ಲಿ ಇಳಿದ ಆ ತಿಳಿ ಪದರದಲ್ಲಿ ಪೆಟ್ರೋಲಿನ ವಿಷವೂ ಇರುತ್ತದೆ. ಮೆಥನಾಲ್ ಎಂಬ ಅದರ ಸೋದರನಂತೂ ನೇರ ಕಣ್ಣನ್ನೂ ಪ್ರಾಣವನ್ನೂ ತೆಗೆಯುತ್ತದೆ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಕೂಲಿ ಮಾಡುವವರು.

ಎರಡು ಸ್ಟ್ರೋಕಿನ ಹೊಗೆಯ ಬಗ್ಗೆ ಒಂದೇ ಮಾತು. ಆ ಎಂಜಿನ್ನಿನಲ್ಲಿ ಒಳಬರುವ ಹೊಸ ಪೆಟ್ರೋಲಿನ ಒಂದು ಪಾಲು ಉರಿಯದೆ ಹಾಗೆಯೇ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಹಣವೂ ಹೊಗೆ, ಎದೆಗೂ ಹೊಗೆ. 2015ರಲ್ಲಿ ನಾಲ್ಕು ಸ್ಟ್ರೋಕಿನ ಮೊಪೆಡ್ ಬಂದ ಮೇಲೆ ಇದು ತಪ್ಪಿದೆ. 2020ರ ಏಪ್ರಿಲ್ ನಂತರದವುಗಳಲ್ಲಿ ಕಾರ್ಬ್ಯುರೇಟರ್ ಬದಲು ಅಳೆದು ಚಿಮ್ಮಿಸುವ ಇಂಜೆಕ್ಟರ್ ಇದೆ. ಹಳೆಯದನ್ನು ಮಾರುವ ಯೋಚನೆಯಿದ್ದರೆ ರಿಪೇರಿಗೆ ದೊಡ್ಡ ಹಣ ಸುರಿಯುವ ಮೊದಲೇ ಮಾರಿ.

ಕರೆಂಟು ಗಾಡಿಯನ್ನು ಹಲವರು ಕೇಳುತ್ತಾರೆ. ಒಂದು ಯೂನಿಟ್ ವಿದ್ಯುತ್ತಿಗೆ ಸಮತಟ್ಟು ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಓಡುವ ಸ್ಕೂಟರುಗಳಿವೆ. ಕಂಬಂ, ಉತ್ತಮಪಾಳಯಂ, ಚಿನ್ನಮನೂರು ನಡುವೆ ದಿನವೂ ಹಾಲು ಹಾಕಿ ಬರುವವರಿಗೆ ಇದು ಲಾಭವೇ. ಕುಮುಳಿ ಘಾಟಿ, ಬೋಡಿಮೆಟ್ಟು ಏರಿ ಏಲಕ್ಕಿ ತೋಟಕ್ಕೆ ಹೋಗುವವರು ಮಾತ್ರ ಕಂಪನಿ ಹೇಳುವ ಕಿಲೋಮೀಟರನ್ನು ನಂಬಬಾರದು. ಏರಿನಲ್ಲಿ ಭಾರ ಹೊತ್ತು ಹೋಗುವಾಗ ಬ್ಯಾಟರಿ ಬೇಗ ಇಳಿಯುತ್ತದೆ. ತಮಿಳುನಾಡಿನಲ್ಲಿ 1990ರಿಂದ ತೋಟದ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಆದರೆ ಆ ತಂತಿಯಿಂದ ಗಾಡಿ ಚಾರ್ಜ್ ಮಾಡಿದರೆ ದಂಡ ಬೀಳುತ್ತದೆ, ಮನೆಯ ಮೀಟರಿನಿಂದಲೇ ಮಾಡಬೇಕು.

ಸಗಣಿಯಿಂದ ಓಡುವ ಎಂಜಿನ್ನು ಹೊಸದಲ್ಲ. ಕರ್ನಾಟಕದ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲು ಎಲ್ಲರ ಮನೆಗೂ ಅಡುಗೆ ಅನಿಲ ಕೊಡಲು ಹೋದರು. ಊರಿನ ಸಗಣಿ ಸಾಲಲಿಲ್ಲ, ಯೋಜನೆ ಬಿತ್ತು. ಅವರು ಊರವರನ್ನೇ ಕೇಳಿದರು, ನಿಮಗೆ ಬೇಕಾದದ್ದೇನು ಎಂದು. ಕುಡಿಯುವ ನೀರು ಎಂದರು. 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಗಾಳಿಯ ಜೊತೆ ಬಿಟ್ಟು, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ ಎರಡು ಪೈಸೆ, ಜೊತೆಗೆ ಅವರವರ ಪಾಲಿನ ಗೊಬ್ಬರ ವಾಪಸು. ಡೀಸೆಲ್ ಪೂರ್ತಿ ನಿಲ್ಲಿಸಲಾಗದು, ಏಕೆಂದರೆ ಗೋಬರ್ ಅನಿಲಕ್ಕೆ ಕಿಡಿ ಕೊಡಲು ಸ್ವಲ್ಪ ಡೀಸೆಲ್ ಬೇಕು. ಹೆಚ್ಚಿನ ಪಾಲು ಉಳಿಯುತ್ತದೆ. ನಾಲ್ಕೈದು ಹಸುಗಳಿರುವ ಮನೆಗೆ ಇಂದಿಗೂ ನನ್ನ ಸಲಹೆ, ಆ ಅನಿಲವನ್ನು ಒಲೆಗೆ ಬಳಸಿ. ಹೆಂಗಸರ ಕಣ್ಣು, ಎದೆ ಉಳಿಯುತ್ತದೆ. ಎಂಜಿನ್ನಿನ ಯೋಚನೆ ಹತ್ತು ಹಸು ದಾಟಿದ ಮೇಲೆ. ದಿಂಡಿಗಲ್ ಬಳಿಯ ಗಾಂಧಿಗ್ರಾಮ ಗ್ರಾಮೀಣ ವಿಶ್ವವಿದ್ಯಾಲಯದಲ್ಲಿ ಗ್ರಾಮೀಣ ಇಂಧನಕ್ಕೆಂದೇ ಒಂದು ವಿಭಾಗವಿದೆ. ಸ್ಥಾವರ ಕಟ್ಟುವ ಮೊದಲು ಅಲ್ಲಿ ವಿಚಾರಿಸಿ.

ಹೊಲದ ಲೆಕ್ಕ

ಈಗ ನಿಜವಾದ ಪ್ರಶ್ನೆ. ಮದ್ಯಸಾರಕ್ಕೆ ಬೇಡಿಕೆ ಏರಿದೆ ಎಂದು ಭತ್ತ ಬಿಟ್ಟು ಕಬ್ಬು ಹಾಕಬೇಕೆ? ತೊಗರಿ ಬಿಟ್ಟು ಮೆಕ್ಕೆಜೋಳ ಹಾಕಬೇಕೆ?

ಒಂದು ಟನ್ ಕಬ್ಬಿನ ರಸದಿಂದ 70 ಲೀಟರ್ ಮದ್ಯಸಾರ ಬರುತ್ತದೆ. ಎಕರೆಗೆ 40 ಟನ್ ಬೆಳೆದರೆ 2800 ಲೀಟರ್. ಒಂದು ಟನ್ ಮೆಕ್ಕೆಜೋಳದಿಂದ 380 ಲೀಟರ್. ಎಕರೆಗೆ 25 ಕ್ವಿಂಟಲ್ ಬಂದರೆ 950 ಲೀಟರ್. ಕಬ್ಬೇ ಮೇಲು ಎನ್ನಿಸುತ್ತದೆ. ಆದರೆ ಕಬ್ಬು ಹನ್ನೆರಡು ತಿಂಗಳು ನೀರಿನಲ್ಲಿ ನಿಲ್ಲಬೇಕು, ಮೆಕ್ಕೆಜೋಳ ನೂರಹತ್ತು ದಿನದಲ್ಲಿ ಮುಗಿಯುತ್ತದೆ. ನೀತಿ ಆಯೋಗದ ಅದೇ ವರದಿಯ ಲೆಕ್ಕದಲ್ಲಿ ಕಬ್ಬಿನಿಂದ ಒಂದು ಲೀಟರ್ ಮದ್ಯಸಾರ ಮಾಡಲು 2860 ಲೀಟರ್ ನೀರು ಬೇಕು. ಮೇಲೆ ಹೇಳಿದ ಮೊಪೆಡ್ ತಿಂಗಳಿಗೆ 17 ಲೀಟರ್ ಕುಡಿಯುತ್ತದಲ್ಲ, ಅದರಲ್ಲಿ 3.4 ಲೀಟರ್ ಮದ್ಯಸಾರ. ಅದೆಲ್ಲ ಕಬ್ಬಿನ ರಸದ್ದೇ ಆದರೆ ಒಂದು ಗಾಡಿಯ ಒಂದು ತಿಂಗಳ ಓಡಾಟಕ್ಕೆ ಸುಮಾರು 9700 ಲೀಟರ್ ನೀರು. ಎರಡು ಟ್ಯಾಂಕರ್! ಕಾಕಂಬಿಯಿಂದ ಮಾಡಿದ್ದಾದರೆ ಹೀಗೆ ಎಣಿಸಬೇಕಿಲ್ಲ, ಏಕೆಂದರೆ ಆ ನೀರು ಸಕ್ಕರೆಗಾಗಿ ಹೇಗೂ ಖರ್ಚಾಗಿದೆ. ಕಸದಿಂದ ರಸ ಎಂದರೆ ಅದೇ.

1895ರಲ್ಲಿ ಪೆನ್ನಿಕ್ವಿಕ್ ಕಟ್ಟಿಸಿದ ಪೆರಿಯಾರ್ ಅಣೆಯ ನೀರಿನಿಂದ ಕಂಬಂ ಕಣಿವೆಯಲ್ಲಿ 14,707 ಎಕರೆ ಎರಡು ಬೆಳೆ ಭತ್ತ ಕಾಣುತ್ತದೆ. ಆ ನೀರಿಗೆ ಎಷ್ಟು ಜಗಳ, ಎಷ್ಟು ಕೋರ್ಟು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ನಾಲೆಯ ಕೊನೆಯಲ್ಲಿರುವವರು, ಬಾವಿ ನಂಬಿದ ಆಂಡಿಪಟ್ಟಿ ಕಡೆಯವರು ಮದ್ಯಸಾರದ ಮಾತು ಕೇಳಿ ಹೊಸದಾಗಿ ಕಬ್ಬು ನೆಡುವುದನ್ನು ನಾನು ಒಪ್ಪಲಾರೆ. ಕಾರ್ಖಾನೆಗೂ ನಾಳೆಯ ಭರವಸೆಯಿಲ್ಲ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕೊರತೆಯ ಭಯದಿಂದ ಕೇಂದ್ರ ಸರ್ಕಾರ ಕಬ್ಬಿನ ರಸವನ್ನು ಮದ್ಯಸಾರಕ್ಕೆ ಬಳಸುವುದನ್ನು ತಡೆಯಿತು, 2024ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟಿತು. ನಡುವೆ ಸಿಕ್ಕಿಕೊಂಡವರ ಪಾಡು ಏನು?

ವೇಡಸಂದೂರು, ಒಟ್ಟನ್‌ಛತ್ರದ ಕಡೆ ಮಳೆಯಾಶ್ರಯದಲ್ಲಿ ಬೆಳೆಯುವ ಮೆಕ್ಕೆಜೋಳದ ಕಥೆ ಬೇರೆ. ಕಬ್ಬಿನ ರಸ ನಿಂತ ಆ ವರ್ಷವೇ ಜೋಳದ ಮದ್ಯಸಾರಕ್ಕೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟರು, ಜೋಳದ ಬೆಲೆ ಏರಿತು. ಬೆಳೆದವರಿಗೆ ಸಂತೋಷ, ಕೋಳಿ ಸಾಕುವವರಿಗೆ ಸಂಕಟ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣ ಜೋಳ ಬೆಳೆಯುತ್ತಾನೆ, ತಮ್ಮ ಕೋಳಿ ಫಾರಂ ನಡೆಸುತ್ತಾನೆ! ಮರುವರ್ಷವೇ ಗಾಳಿ ತಿರುಗಿತು. 2025ರ ನವೆಂಬರ್‌ನಲ್ಲಿ ಕರ್ನಾಟಕದ ಗದಗ, ಹಾವೇರಿ ಕಡೆಯ ರೈತರು ಬೀದಿಗಿಳಿದರು. ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ ಎಂದು ಕಾಗದದಲ್ಲಿತ್ತು, ಮಾರುಕಟ್ಟೆಯಲ್ಲಿ ಅದು ಸಿಗಲಿಲ್ಲ. ದೇಶಕ್ಕೆ ಮದ್ಯಸಾರ ಬೇಕು ಎಂದ ಮಾತ್ರಕ್ಕೆ ನಮ್ಮ ಜೋಳಕ್ಕೆ ಬೆಲೆ ಖಚಿತವಲ್ಲ.

ಇಪ್ಪತ್ತು ವರ್ಷದ ಹಿಂದಿನ ಕಾಟ್ಟಾಮಣಕ್ಕು ಹುಚ್ಚು ಹಿರಿಯರಿಗೆ ನೆನಪಿರಬಹುದು. ಕನ್ನಡದಲ್ಲಿ ಕಾಡು ಹರಳು, ಇಂಗ್ಲಿಷಿನವರು ಜಟ್ರೋಫಾ ಎಂದರು. ಬಂಜರಿನಲ್ಲಿ ನೀರಿಲ್ಲದೆ ಬೆಳೆಯುತ್ತದೆ, ಬೀಜದಿಂದ ಡೀಸೆಲ್ ಬರುತ್ತದೆ ಎಂದು 2003ರ ನಂತರ ತಮಿಳುನಾಡಿನಲ್ಲಿ ಸಸಿ ಕೊಟ್ಟರು, ಸಾಲ ಕೊಟ್ಟರು. ನೀರಿಲ್ಲದೆ ಗಿಡ ಬದುಕಿತು, ಬೀಜ ಬಿಡಲಿಲ್ಲ. ಕೊಳ್ಳುವವರೂ ಬರಲಿಲ್ಲ. ಬಹಳ ಜನ ಕಿತ್ತು ಹಾಕಿದರು.

ಜೋಳ ಬೆಳೆಯುವವರಿಗೆ ಇನ್ನೊಂದು ವಿಷಯ. ಮದ್ಯಸಾರ ತೆಗೆದ ಮೇಲೆ ಟನ್ನಿಗೆ ಸುಮಾರು 300 ಕಿಲೋ ಹಿಂಡಿ ಉಳಿಯುತ್ತದೆ, ಒಣಗಿಸಿ ದನದ ಮೇವಾಗಿ ಮಾರುತ್ತಾರೆ. ಸಾರಜನಕ ಹೆಚ್ಚು, ಬೆಲೆ ಕಡಿಮೆ. ಆದರೆ ಹಸಿ ಜೋಳಕ್ಕೆ ಹಿಡಿದ ಬೂಷ್ಟಿನ ವಿಷ ಬಟ್ಟಿ ಇಳಿಸುವಾಗ ಸಾಯುವುದಿಲ್ಲ. ಪಿಷ್ಟವೆಲ್ಲ ಹೋಗಿ ಉಳಿದದ್ದರಲ್ಲಿ ಮೂರು ಪಟ್ಟು ಗಟ್ಟಿಯಾಗುತ್ತದೆ. ಹಸು ತಿಂದರೆ ಹಾಲಿಗೂ ಇಳಿಯುತ್ತದೆ, ಆ ಹಾಲು ಮೊದಲು ಕುಡಿಯುವುದು ಮನೆಯ ಮಕ್ಕಳು. ವಾಸನೆ ಬಂದ, ಗಂಟು ಕಟ್ಟಿದ ಹಿಂಡಿಯನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಒಳ್ಳೆಯದನ್ನೂ ಮೇವಿನ ಒಂದು ಪಾಲಾಗಿ ಮಾತ್ರ ಕೊಡಿ.

ಡಿಸ್ಟಿಲರಿಯ ಪರವಾಗಿ ದಲ್ಲಾಳಿಗಳು ಬಿತ್ತುವ ಮೊದಲೇ ಒಪ್ಪಂದ ಮಾಡಿಕೊಳ್ಳಲು ಬಂದರೆ ಬೆಲೆಯನ್ನು ಮಾತಿನಲ್ಲಿ ಒಪ್ಪಬೇಡಿ, ಬರೆಸಿಕೊಳ್ಳಿ. ತೇವ ನೂರಕ್ಕೆ 14 ಮೀರಿದರೆ ಕ್ವಿಂಟಲಿಗೆ ಎಷ್ಟು ಕಡಿತ, ತೂಕ ಎಲ್ಲಿ, ಸಾಗಣೆ ಯಾರದು, ಹಣ ಎಷ್ಟು ದಿನದಲ್ಲಿ, ಸೈನಿಕ ಹುಳು ಬಿದ್ದು ಬೆಳೆ ಹೋದರೆ ಬೀಜದ ಸಾಲ ಯಾರ ತಲೆಗೆ, ಇಷ್ಟೂ ಕಾಗದದಲ್ಲಿ ಇರಬೇಕು. ಕಾಗದ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮನೆಯಲ್ಲಿ ಓದಿದ ಮಗಳೋ ಮಗನೋ ಇದ್ದರೆ ಅವರಿಂದ ಪೂರ್ತಿ ಓದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿ.